ಗೌರಿ ಹೂವು: ಮಂಡ್ಯ ಸೀಮೆಯ ಬೇಲಿ, ಹಬ್ಬ ಮತ್ತು ವಿಷ

ಮಂಡ್ಯ ಜಿಲ್ಲೆಯ ಜಾನಪದವೆಂದೊಡನೆ ಅಧ್ಯಯನಕಾರರ ಗಮನ ಸಹಜವಾಗಿಯೇ ಹಾಡಿನ ಕಡೆಗೆ ಹರಿಯುತ್ತದೆ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದ ಮಂಟೇಸ್ವಾಮಿ ಮಠ, ನೀಲಗಾರರ ತಂಬೂರಿ, ಮಾದೇಶ್ವರನ ಕಂಸಾಳೆ, ಮದುವೆ ಮನೆಯ ಸೋಬಾನೆ, ಇವು ಈ ಸೀಮೆಯ ಸಂಪತ್ತೆಂದು ಬಹುಕಾಲದಿಂದ ಮಾನ್ಯವಾಗಿವೆ. ಇದೇ ಜಿಲ್ಲೆಯ ನಾಗಮಂಗಲ ತಾಲ್ಲೂಕು ಎಚ್.ಎಲ್. ನಾಗೇಗೌಡ ಹಾಗೂ ಜೀ.ಶಂ. ಪರಮಶಿವಯ್ಯ ಅವರಂತಹ ಸಂಗ್ರಾಹಕರನ್ನು ನಾಡಿಗೆ ಕೊಟ್ಟಿತು. ಆದರೆ ಹಾಡು ಕಟ್ಟಿದ ಅದೇ ಜನ ತಮ್ಮ ಹೊಲದ ಸುತ್ತಣ ಗಿಡಬಳ್ಳಿಗಳಿಗೆ ಇಟ್ಟ ಹೆಸರುಗಳು, ಅವುಗಳ ಸುತ್ತ ಕಟ್ಟಿಕೊಂಡ ವಿಧಿನಿಷೇಧಗಳು ಹಾಡಿನಷ್ಟು ದಾಖಲೆಯಾಗಿಲ್ಲ. ಹಾಡಿಗೆ ಹಾಡುಗಾರನಿರುತ್ತಾನೆ, ಅವನನ್ನು ಹುಡುಕಿಕೊಂಡು ಹೋಗಬಹುದು. ಬೇಲಿಯ ಮೇಲೆ ತಾನಾಗಿ ಹಬ್ಬಿದ ಬಳ್ಳಿಗೆ ವಾರಸುದಾರರಿಲ್ಲ. ಅಂತಹ ಒಂದು ಬಳ್ಳಿಯಾದ ಗೌರಿ ಹೂವಿನ ಸಾಂಸ್ಕೃತಿಕ ಚರಿತ್ರೆಯನ್ನು ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಗ್ಲೋರಿಯೋಸ ಸುಪರ್ಬ. ಈ ಹೆಸರನ್ನು 1753ರಲ್ಲಿ ಲಿನೇಯಸ್ ನೀಡಿದ. ಅದಕ್ಕೂ ಮುನ್ನ, 17ನೆಯ ಶತಮಾನದ ಉತ್ತರಾರ್ಧದಲ್ಲಿ ಕೊಚ್ಚಿಯ ಡಚ್ಚರು ಸಿದ್ಧಪಡಿಸಿದ ‘ಹೋರ್ಟಸ್ ಮಲಬಾರಿಕಸ್’ ಎಂಬ ಬೃಹತ್ ಗ್ರಂಥದಲ್ಲಿ ಈ ಬಳ್ಳಿ ತನ್ನ ಮಲಯಾಳಂ ಹೆಸರಿನಲ್ಲಿಯೇ ಸಚಿತ್ರವಾಗಿ ಕಾಣಿಸಿಕೊಂಡಿತ್ತು. ಜನಪದರು ನೆಲದೊಳಗಿನ ಎಲ್ಲವನ್ನೂ ಗೆಡ್ಡೆ ಎಂದೇ ಕರೆಯುವರಾದರೂ ಕಾಡೀರುಳ್ಳಿಯಂತೆ ಇದು ಪದರಪದರವಾದ ಗೆಡ್ಡೆಯಲ್ಲ. ಎರಡು ತೋಳು ಚಾಚಿದ, ನೇಗಿಲಿನ ಆಕಾರದ ಕಂದು ಬಣ್ಣದ ಗೆಡ್ಡೆ. ಬೇಸಿಗೆಯುದ್ದಕ್ಕೂ ಅದು ಮಣ್ಣಿನಲ್ಲಿ ಮಲಗಿರುತ್ತದೆ. ಮುಂಗಾರಿನ ಮೊದಲ ಮಳೆಗಳಿಗೆ ಮೊಳಕೆಯೊಡೆದು, ಎಲೆಯ ತುದಿಯನ್ನೇ ಕುಡಿಬಳ್ಳಿಯಾಗಿಸಿಕೊಂಡು ಸಿಕ್ಕ ಆಸರೆಯನ್ನು ಹಿಡಿದೇರುತ್ತದೆ. ಮಘೆ, ಹುಬ್ಬೆ ಮಳೆಗಳ ಹೊತ್ತಿಗೆ ಹೂವು. ಆರು ದಳಗಳು ಹಿಂದಕ್ಕೆ ಬಾಗಿ, ಅಂಚು ಅಲೆಅಲೆಯಾಗಿ, ಉರಿಯುವ ದೀವಟಿಗೆಯಂತೆ ಮೇಲ್ಮುಖವಾಗಿ ನಿಲ್ಲುತ್ತವೆ. ಅರಳಿದಾಗ ಹಸುರು ಬೆರೆತ ಹಳದಿಯಾಗಿದ್ದ ಹೂವು ಕೆಲವೇ ದಿನಗಳಲ್ಲಿ ಕೇಸರಿಗೆ, ಬಳಿಕ ಕಡುಗೆಂಪಿಗೆ ತಿರುಗುತ್ತದೆ. ಒಂದೇ ಬಳ್ಳಿಯಲ್ಲಿ ಈ ಮೂರೂ ಬಣ್ಣಗಳು ಏಕಕಾಲದಲ್ಲಿ ಕಾಣುವುದರಿಂದ ದೂರದಿಂದ ನೋಡಿದವರಿಗೆ ಅದು ಬೇರೆ ಬೇರೆ ಹೂವಿನ ಗೊಂಚಲೆಂಬ ಭ್ರಮೆ ಹುಟ್ಟುವುದುಂಟು. ಮಳೆಗಾಲ ಮುಗಿದೊಡನೆ ಬಳ್ಳಿ ಒಣಗಿ ಹೇಳಹೆಸರಿಲ್ಲದಂತಾಗುತ್ತದೆ. ಸಸ್ಯಗಳ ಬಗೆಗೆ ಅಪಾರ ಕುತೂಹಲವಿದ್ದ ಫ್ರಾನ್ಸಿಸ್ ಬುಕಾನನ್ 1800ರ ಮೇ ತಿಂಗಳಲ್ಲಿ ಮದ್ದೂರು, ಮಂಡ್ಯಗಳ ಮಾರ್ಗವಾಗಿ ಶ್ರೀರಂಗಪಟ್ಟಣಕ್ಕೆ ಬಂದನು. ಆ ಹೊತ್ತಿನಲ್ಲಿ ದಾರಿಯ ಬದಿಯ ಗೌರಿಗೆಡ್ಡೆಗಳೆಲ್ಲ ನೆಲದಡಿಯಲ್ಲಿ ನಿದ್ರಿಸುತ್ತಿದ್ದಿರಬೇಕು.

ಹೂವಿಗೆ ಗೌರಿಯ ಹೆಸರು ಬಂದುದಕ್ಕೆ ಕಾರಣ ಅದು ಅರಳುವ ಕಾಲ. ಭಾದ್ರಪದ ಶುದ್ಧ ತದಿಗೆಯಂದು ಬರುವ ಗೌರಿ ಹಬ್ಬ ಹಳೆಯ ಮೈಸೂರು ಸೀಮೆಯ ಹೆಣ್ಣುಮಕ್ಕಳಿಗೆ ವರ್ಷದ ಹಬ್ಬ. ಶಿಷ್ಟ ಪರಂಪರೆಯಲ್ಲಿ ಅದು ಸ್ವರ್ಣಗೌರಿ ವ್ರತ. ಹದಿನಾರು ಗಂಟಿನ ದಾರ ಅದರ ಕುರುಹು. ಜನಪದರಲ್ಲಿ ಅದು ಮಗಳು ತವರಿಗೆ ಬರುವ ಹಬ್ಬ. ಗೌರಿ ಕೈಲಾಸದಿಂದ ತವರಿಗೆ ಬರುತ್ತಾಳೆ, ಮರುದಿನ ಗಣಪ ತಾಯಿಯನ್ನು ಕರೆದೊಯ್ಯಲು ಬರುತ್ತಾನೆ. ಹೆಂಗಸರು ಬಾವಿ, ಕೆರೆ, ಹೊಳೆಗಳ ಬಳಿ ಗಂಗೆಯನ್ನು ಪೂಜಿಸಿ ಅಲ್ಲಿಂದಲೇ ಗೌರಿಯನ್ನು ಮನೆತುಂಬಿಸಿಕೊಳ್ಳುವುದೂ, ಕೊನೆಗೆ ಆಕೆಯನ್ನು ನೀರಿಗೇ ಕಳುಹಿಸುವುದೂ ರೂಢಿ. ಮಗಳಿಗೆ ತವರಿನಿಂದ ಮೊರದ ಬಾಗಿನ ಹೋಗಬೇಕು: ಅಕ್ಕಿ, ಬೇಳೆ, ಬೆಲ್ಲ, ಅರಿಸಿನ ಕುಂಕುಮ, ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ರವಿಕೆಯ ಕಣ. ಬಾಗಿನ ಬಾರದ ವರ್ಷ ಎಂದರೆ ತವರು ಕಳೆದುಕೊಂಡ ವರ್ಷ. ಕಾಡುಬಳ್ಳಿಯೊಂದು ವರ್ಷದಲ್ಲಿ ಒಮ್ಮೆ ಸರಿಯಾಗಿ ಇದೇ ದಿನಗಳಲ್ಲಿ ಮಣ್ಣಿನಿಂದ ಎದ್ದು ಬಂದು, ಅರಿಸಿನದಿಂದ ಕುಂಕುಮದ ಬಣ್ಣಕ್ಕೆ ತಿರುಗಿ, ಮತ್ತೆ ಮಣ್ಣು ಸೇರುವುದನ್ನು ಕಂಡ ಜನ ಅದನ್ನು ಗೌರಿ ಎಂದು ಕರೆದುದು ಅಚ್ಚರಿಯಲ್ಲ. ಮಹಾರಾಷ್ಟ್ರದಲ್ಲಿಯೂ ಈ ಹೂವಿಗೆ ಗೌರಿಯ ಕೈ ಎಂಬರ್ಥದ ಹೆಸರಿದೆ ಎಂಬುದು ಇಲ್ಲಿ ಗಮನಾರ್ಹ. ಹಿಂದಕ್ಕೆ ಬಾಗಿದ ದಳಗಳಲ್ಲಿ ಅಲ್ಲಿನ ಜನ ಬೆರಳುಗಳನ್ನು ಕಂಡರು.

ಆದರೆ ಹೆಸರಿನ ಈ ಮಂಗಳಮುಖ ಅರ್ಧ ಸತ್ಯ ಮಾತ್ರ. ಇದೇ ಬಳ್ಳಿಗೆ ಕನ್ನಡದಲ್ಲಿ ಅಗ್ನಿಶಿಖೆ, ಕೋಳಿಕುಟುಮ, ಶಿವಶಕ್ತಿ ಬಳ್ಳಿ, ಕರಡಿಕಣ್ಣಿನ ಗೆಡ್ಡೆ ಎಂಬ ಹೆಸರುಗಳಿವೆ. ಇವುಗಳಲ್ಲಿ ಕೊನೆಯದು ಉಳಿದವುಗಳಿಂದ ಭಿನ್ನ. ಹೂವಿಗೆ ಹೆಸರಿಡಲು ದಾರಿಹೋಕನಿಗೂ ಸಾಧ್ಯ, ಗೆಡ್ಡೆಗೆ ಹೆಸರಿಟ್ಟವರು ಮಾತ್ರ ಅದನ್ನು ಅಗೆದು ಕಂಡವರೇ ಆಗಿರಬೇಕು. ಸಂಸ್ಕೃತದ ವೈದ್ಯ ನಿಘಂಟುಗಳು ಇನ್ನೂ ನೇರವಾಗಿ ಮಾತನಾಡುತ್ತವೆ. 16ನೆಯ ಶತಮಾನದ ಭಾವಮಿಶ್ರನ ‘ಭಾವಪ್ರಕಾಶ’ ಈ ಸಸ್ಯಕ್ಕೆ ಕೊಡುವ ಪರ್ಯಾಯ ನಾಮಗಳಲ್ಲಿ ಲಾಂಗಲಿ ಮತ್ತು ಹಲಿನಿ ಎಂಬವು ಗೆಡ್ಡೆಯ ನೇಗಿಲಿನಾಕಾರವನ್ನೂ, ಅಗ್ನಿಶಿಖೆ ಎಂಬುದು ಹೂವಿನ ಬಣ್ಣವನ್ನೂ ಹೇಳುತ್ತವೆ. ವಿಶಲ್ಯಾ ಎಂದರೆ ದೇಹದೊಳಗೆ ನೆಟ್ಟ ಶಲ್ಯವನ್ನು ಹೊರಡಿಸುವಂಥದು. ಗರ್ಭನುತ್ ಎಂಬ ಹೆಸರಿಗೆ ವ್ಯಾಖ್ಯಾನ ಬೇಕಿಲ್ಲ, ಗರ್ಭವನ್ನು ಹೊರದೂಡುವುದು. ಸುಶ್ರುತ ಸಂಹಿತೆಯಲ್ಲಿ, ಹೆರಿಗೆಯ ನಂತರ ಮಾಸು ಬೀಳದಿದ್ದಾಗ ಲಾಂಗಲಿಯ ಬೇರನ್ನು ಅರೆದು ಬಾಣಂತಿಯ ಅಂಗೈ ಅಂಗಾಲುಗಳಿಗೆ ಲೇಪಿಸುವ ಕ್ರಮ ಹೇಳಲ್ಪಟ್ಟಿದೆ. ಕಲಿಕಾರೀ ಎಂಬ ಇನ್ನೊಂದು ಹೆಸರು ಕಲಹ ಹುಟ್ಟಿಸುವುದು ಎಂಬ ಅರ್ಥವನ್ನು ಕೊಡುತ್ತದೆ. ಹೂವನ್ನು ಮನೆಯೊಳಗೆ ತಂದರೆ ಜಗಳವಾಗುತ್ತದೆ ಎಂಬ ನಂಬಿಕೆ ಮರಾಠಿ ಸೀಮೆಯಲ್ಲಿ ಪ್ರಚಲಿತವಾಗಿದೆ.

ಮುತ್ತೈದೆಯರ ದೇವತೆಯ ಹೆಸರು ಹೊತ್ತ ಬಳ್ಳಿಗೇ ಗರ್ಭವನ್ನು ಕಳೆಯುವುದೆಂಬ ಹೆಸರೂ ಇದೆ. ಇದನ್ನು ಕಂಡೊಡನೆ ಗೌರಿ ಗಣಪನನ್ನು ಹೆತ್ತವಳಲ್ಲ, ಮೈಯ ಮಣ್ಣಿನಿಂದ ಮಾಡಿದವಳು ಎಂಬ ಪುರಾಣವನ್ನು ತಂದು ಜೋಡಿಸುವ ಆಸೆ ಯಾವ ಸಂಶೋಧಕನಿಗಾದರೂ ಹುಟ್ಟೀತು. ಅಂತಹ ಜೋಡಣೆ ಓದಲು ಸೊಗಸಾಗಿರುತ್ತದೆಯೇ ಹೊರತು ಅದಕ್ಕೆ ಜನಪದರ ಮಾತಿನಲ್ಲಿ ಆಧಾರವಿಲ್ಲ. ಜನಪದರ ವಿವೇಕ ಇದಕ್ಕಿಂತ ಸರಳ. ಹೂವು ದೇವಿಯದು, ಗೆಡ್ಡೆ ಭೂಮಿಯದು. ಹೂವನ್ನು ಏರಿಸುವಲ್ಲಿ ಏರಿಸುತ್ತಾರೆ, ಗೆಡ್ಡೆಯನ್ನು ಯಾವ ಪೂಜೆಯೂ ಕೇಳುವುದಿಲ್ಲ. ಬಳ್ಳಿಯ ಎಲ್ಲ ಭಾಗಗಳೂ ವಿಷವೇ. ಗೆಡ್ಡೆ ಮತ್ತು ಬೀಜಗಳಲ್ಲಿ ವಿಷ ಹೆಚ್ಚು. ಅದರಲ್ಲಿರುವ ಕಾಲ್ಚಿಸಿನ್ ಎಂಬ ದ್ರವ್ಯ ಜೀವಕೋಶಗಳು ವಿಭಜನೆಯಾಗದಂತೆ ತಡೆಯುತ್ತದೆ. ವಾಂತಿ ಭೇದಿಗಳಿಂದ ಆರಂಭವಾಗಿ ಒಂದೊಂದೇ ಅಂಗ ಸೋಲುತ್ತದೆ. ಬದುಕುಳಿದವರ ತಲೆಗೂದಲು ಕೆಲ ದಿನಗಳ ಬಳಿಕ ಉದುರುವುದನ್ನು ವೈದ್ಯರು ದಾಖಲಿಸಿದ್ದಾರೆ. ಗರ್ಭ ಕಳೆಯಲು ಇದನ್ನು ಸೇವಿಸಿದ ಹೆಂಗಸಿನ ಪ್ರಾಣವೇ ಹೋಗುವ ಸಂಭವ ಹೆಚ್ಚು. ಭಾರತದಲ್ಲಿ ವೈದ್ಯಕೀಯ ಗರ್ಭಪಾತ ಕಾನೂನುಬದ್ಧವಾದುದು 1971ರ ಕಾಯ್ದೆಯಿಂದ. ಅದಕ್ಕೆ ಮೊದಲು ವಿಧವೆಯಾದ, ಮೋಸಹೋದ, ಬಡತನದಿಂದ ಬಸವಳಿದ ಹೆಂಗಸರಿಗೆ ಊರಿನಲ್ಲಿ ಏನು ದಾರಿಯಿತ್ತು ಎಂಬ ಪ್ರಶ್ನೆಗೆ ಯಾವ ಹಾಡೂ ಬಾಯಿಬಿಟ್ಟು ಉತ್ತರಿಸುವುದಿಲ್ಲ. ಉತ್ತರದ ಒಂದು ತುಣುಕು ಗರ್ಭನುತ್ ಎಂಬ ನಿಘಂಟಿನ ಹೆಸರಿನಲ್ಲಿದೆ. ಹೆಣ್ಣಿನ ಸಂಕಟದ ಚರಿತ್ರೆಯನ್ನು ತವರಿನ ಹಾಡುಗಳಲ್ಲಿ ಮಾತ್ರ ಹುಡುಕಿದರೆ ಸಾಲದು, ಇಂತಹ ಸಸ್ಯನಾಮಗಳಲ್ಲಿಯೂ ಹುಡುಕಬೇಕಾಗುತ್ತದೆ.

ಇಷ್ಟು ಅಪಾಯಕಾರಿಯಾದ ಬಳ್ಳಿಯನ್ನು ರೈತರು ಕಿತ್ತೊಗೆಯಲಿಲ್ಲವೇಕೆ? ಇದಕ್ಕೆ ಉತ್ತರ ಬೇಲಿಯ ರಚನೆಯಲ್ಲಿದೆ. ಆಯುರ್ವೇದದ ರಸಶಾಸ್ತ್ರ ಏಳು ಉಪವಿಷಗಳನ್ನು ಎಣಿಸುತ್ತದೆ: ಎಕ್ಕ, ಕಳ್ಳಿ, ಕಣಗಿಲೆ, ಗುಲಗಂಜಿ, ಉಮ್ಮತ್ತಿ, ಅಫೀಮು ಮತ್ತು ಲಾಂಗಲಿ. ಇವುಗಳಲ್ಲಿ ಅಫೀಮೊಂದನ್ನು ಬಿಟ್ಟರೆ ಉಳಿದ ಆರೂ ಬಯಲುಸೀಮೆಯ ಬೇಲಿ, ಬದು, ಹಿತ್ತಿಲುಗಳ ನಿವಾಸಿಗಳು. ಇದು ಆಕಸ್ಮಿಕವಲ್ಲ. ರಾಗಿ, ಅವರೆ, ಹುರುಳಿಯ ಹೊಲವನ್ನು ಆಡು ದನಗಳಿಂದ ಕಾಯುವ ಬೇಲಿ ಆಡು ದನಗಳು ತಿನ್ನುವ ಗಿಡಗಳಿಂದ ಆಗಿದ್ದರೆ ಅದು ಒಂದು ಬೇಸಿಗೆಯನ್ನೂ ದಾಟದು. ಬಾಯಿ ಹಾಕಲಾಗದ್ದು ಮಾತ್ರ ಬೇಲಿಯಾಗಿ ಉಳಿಯುತ್ತದೆ: ಮುಳ್ಳು, ಹಾಲು, ಕಹಿ, ವಿಷ. ದನ ಮುಟ್ಟದ ಈ ಗಿಡಗಳನ್ನು ದೇವರು ಮಾತ್ರ ಒಲ್ಲೆನೆನ್ನಲಿಲ್ಲ. ಎಕ್ಕ ಗಣಪನಿಗೆ, ಉಮ್ಮತ್ತಿ ಶಿವನಿಗೆ, ಕಣಗಿಲೆ ಬಹುತೇಕ ಎಲ್ಲ ದೈವಗಳಿಗೆ ಸಲ್ಲುತ್ತದೆ. ಗೌರಿ ಹೂವು ಈ ಸಾಲಿಗೆ ಸೇರಿದ್ದು. ದೇವರ ಬನಗಳ ರಕ್ಷಣೆಯ ಬಗ್ಗೆ ಸಾಕಷ್ಟು ಬರೆಯಲಾಗಿದೆ. ಹೊಲದ ಬೇಲಿಯೂ ವಿಷದ ಭಯ ಮತ್ತು ದೈವದ ಹೆಸರುಗಳ ನಡುವೆ ಕಾಪಾಡಲ್ಪಟ್ಟ ಉದ್ದನೆಯ ಬನವೇ ಆಗಿತ್ತು ಎನ್ನಬಹುದು. ಗೌರಿ ಬಳ್ಳಿಗೆ ತಾನಾಗಿ ನಿಲ್ಲುವ ಶಕ್ತಿಯಿಲ್ಲ. ಅದಕ್ಕೆ ಕಳ್ಳಿಯೋ ಲಕ್ಕಿಯೋ ಆಸರೆಯಾಗಿ ಬೇಕು, ವರ್ಷವಿಡೀ ಕಲಕದ, ನೀರು ನಿಲ್ಲದ ಮಣ್ಣು ಬೇಕು. ಮಳೆಯಾಶ್ರಿತ ಹೊಲದ ಬೇಲಿ ಇವೆರಡನ್ನೂ ಒದಗಿಸಿತು.

ಈ ಬೇಲಿಯ ಚರಿತ್ರೆ 1930ರ ದಶಕದಲ್ಲಿ ತಿರುವು ಪಡೆಯಿತು. ಕನ್ನಂಬಾಡಿ ಅಣೆಕಟ್ಟೆಯ ಕಾಮಗಾರಿ ಆರಂಭವಾದುದು 1911ರಲ್ಲಿ. ಅದರ ಎಡದಂಡೆಯಿಂದ ಹೊರಟು ಹುಲಿಕೆರೆಯ ಸುರಂಗವನ್ನು ಹಾಯ್ದು ಬಂದ ಇರ್ವಿನ್ ನಾಲೆ, ಮುಂದೆ ವಿಶ್ವೇಶ್ವರಯ್ಯ ನಾಲೆಯೆಂದು ಹೆಸರಾದದ್ದು, ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಒಂದು ಲಕ್ಷಕ್ಕೂ ಮಿಗಿಲಾದ ಎಕರೆಗೆ ನೀರು ತಂದಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಅದರ ಹಿಂದೆ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಶ್ರಮವಿತ್ತು. 1939ರ ಜುಲೈ 1ರಂದು ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಬರದ ಸೀಮೆಯೊಂದು ಕಬ್ಬು ಭತ್ತಗಳ ನಾಡಾದ ಈ ಕಥೆಯನ್ನು ಜಿಲ್ಲೆಯ ಜನ ಕೃತಜ್ಞತೆಯಿಂದ ಹೇಳಿಕೊಳ್ಳುತ್ತಾರೆ, ಹೇಳಿಕೊಳ್ಳಬೇಕಾದದ್ದೂ ಹೌದು. ನಾಲೆ ಬಾರದಿದ್ದರೆ ಹೂವು ಉಳಿಯುತ್ತಿತ್ತು ಎಂದು ಹಲುಬುವುದು ಹಸಿವನ್ನು ಕಾಣದವರ ಮಾತು. ಆದರೂ ಕೃಷಿ ಪದ್ಧತಿಯ ಬದಲಾವಣೆ ನೆಲದ ಗೆರೆಗಳನ್ನು ಹೇಗೆ ಬದಲಾಯಿಸಿತು ಎಂಬುದನ್ನು ಚರಿತ್ರೆ ಗುರುತಿಸಬೇಕು. ಗದ್ದೆಗೆ ಬೇಲಿ ಬೇಡ, ಬದು ಸಾಕು. ಬದುವನ್ನು ವರ್ಷಕ್ಕೆರಡು ಬಾರಿ ಕೆತ್ತಿ ಮೆತ್ತುತ್ತಾರೆ. ನೀರು ಸದಾ ಜಿನುಗುವ ಮಣ್ಣಿನಲ್ಲಿ ಗೌರಿಯ ಗೆಡ್ಡೆ ಕೊಳೆಯುತ್ತದೆ. ಹೊಲ ಗದ್ದೆಯಾದಲ್ಲೆಲ್ಲ ಬಳ್ಳಿಯನ್ನು ಯಾರೂ ಬೇಕೆಂದು ಕೀಳಬೇಕಾಗಲಿಲ್ಲ, ನೀರೇ ಆ ಕೆಲಸವನ್ನು ಮಾಡಿತು. ಒಣಭೂಮಿಯಾಗಿ ಉಳಿದೆಡೆಯಲ್ಲಿ ಕಲ್ಲುಕಂಬ, ತಂತಿಗಳು ಬಂದು ಹಸಿರು ಬೇಲಿಯ ಅಗಲವನ್ನು ನುಂಗಿದವು. ಗೌರಿ ಹೂವು ಪ್ರಪಂಚದಲ್ಲಿ ವಿರಳವಾದ ಸಸ್ಯವಲ್ಲ. ಏಷ್ಯ, ಆಫ್ರಿಕಗಳ ಉಷ್ಣವಲಯದಲ್ಲೆಲ್ಲ ಅದಿದೆ. ಆಸ್ಟ್ರೇಲಿಯದ ಪೂರ್ವ ಕರಾವಳಿಯ ಮರಳುದಿಬ್ಬಗಳಲ್ಲಂತೂ ಅದನ್ನು ಕಳೆಯೆಂದು ಕೀಳಲಾಗುತ್ತದೆ. ಅದು ವಿರಳವಾದುದು ನಾಲೆಯ ಬಯಲಿನಲ್ಲಿ. ಅಲ್ಲಿ ಹಬ್ಬ ಉಳಿದಿದೆ, ಹಬ್ಬದ ಹೆಸರಿನ ಹೂವಿಲ್ಲ. ಗೌರಿಯ ಪೂಜೆಗೆ ಸೇವಂತಿಗೆ, ಕೇದಿಗೆಗಳು ಮಾರುಕಟ್ಟೆಯಿಂದ ಬರುತ್ತವೆ.

ಮಳವಳ್ಳಿ ತಾಲ್ಲೂಕಿನ ಚಿತ್ರ ಕೊಂಚ ಬೇರೆ. ನಾಲೆ ತಲುಪದ ಹಲಗೂರು ಕಡೆಯ ಒಣನೆಲ, ಅದರಾಚೆ ಕಾವೇರಿಯ ದಡದ ಮುತ್ತತ್ತಿ, ಭೀಮೇಶ್ವರಿಗಳ ಕುರುಚಲು ಕಾಡು. ಈ ಕಾಡು 1987ರಿಂದ ಕಾವೇರಿ ವನ್ಯಜೀವಿ ಧಾಮಕ್ಕೆ ಸೇರಿದೆ. ಸೀತೆಯ ಮೂಗುತಿ ಹೊಳೆಯಲ್ಲಿ ಬಿದ್ದಾಗ ಹನುಮಂತ ಮುತ್ತನ್ನು ಎತ್ತಿಕೊಟ್ಟನೆಂಬ ಸ್ಥಳಕಥೆಯಿಂದಾಗಿ ಮುತ್ತತ್ತಿ ಪ್ರಸಿದ್ಧ. ಇಂತಹ ಕುರುಚಲು ಕಾಡು ಗೌರಿ ಬಳ್ಳಿಗೆ ಒಗ್ಗುವ ನೆಲೆ. ಕಾವೇರಿ ಕಣಿವೆಯ ಕಾಡಂಚಿನಲ್ಲಿ ಗೆಣಸು ಅಗೆದು ತಿನ್ನುವ ಇರುಳಿಗ, ಸೋಲಿಗ ಮುಂತಾದ ಸಮುದಾಯಗಳಿಗೆ ಯಾವುದು ಗೆಣಸು, ಯಾವುದು ವಿಷ ಎಂಬ ತಿಳಿವಳಿಕೆ ಪಾಂಡಿತ್ಯದ ವಿಷಯವಲ್ಲ, ಪ್ರಾಣದ ವಿಷಯ. ಗೆಣಸೆಂದು ಭ್ರಮಿಸಿ ಈ ಗೆಡ್ಡೆಯನ್ನು ತಿಂದು ಸತ್ತವರ ಪ್ರಕರಣಗಳು ಶ್ರೀಲಂಕೆಯಲ್ಲಿ ವರದಿಯಾಗಿವೆ. ಕಾಡಿನ ಸಂಪರ್ಕ ಕಡಿಮೆಯಾದ ಹೊಸ ತಲೆಮಾರಿನಲ್ಲಿ ಈ ವಿವೇಚನೆ ಮಸುಕಾಗುವುದು ಹಾಡು ಮರೆತುಹೋಗುವುದಕ್ಕಿಂತ ಹೆಚ್ಚು ಆತಂಕದ ಸಂಗತಿ.

ಮಳವಳ್ಳಿಯಿಂದ ಹೊಳೆ ದಾಟಿದರೆ ಕೊಳ್ಳೇಗಾಲ ಸೀಮೆ. 1956ರವರೆಗೆ ಅದು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ಗೌರಿ ಹೂವಿನ ಅರ್ಥವೂ ತಮಿಳು ನೆಲದಲ್ಲಿ ಬದಲಾಗುತ್ತದೆ. ಅಲ್ಲಿ ಇದು ಕಾಂದಳ್, ಕೆಂಪಾದಾಗ ಚೆಂಗಾಂದಳ್. ಕಪಿಲರ ‘ಕುರಿಂಜಿಪ್ಪಾಟ್ಟು’ ಎಣಿಸುವ 99 ಹೂವುಗಳಲ್ಲಿ ಮೊದಲನೆಯದು ಇದೇ. ಕನ್ನಡ, ಮರಾಠಿಗಳಲ್ಲಿ ಗೌರಿಯದಾದ ಹೂವು ತಮಿಳಿನಲ್ಲಿ ಆಕೆಯ ಮಗ ಮುರುಗನದು. ‘ತಿರುಮುರುಗಾಟ್ರುಪ್ಪಡೈ’ ಅವನ ಮುಡಿಯಲ್ಲಿ ದುಂಬಿ ಮುತ್ತದ ಕಾಂದಳ್ ಮಾಲೆಯನ್ನು ಇಡುತ್ತದೆ. ಅದು ಇಂದು ತಮಿಳುನಾಡಿನ ರಾಜ್ಯ ಪುಷ್ಪ. ಜಿಂಬಾಬ್ವೆಯೂ ಇದನ್ನು ರಾಷ್ಟ್ರಪುಷ್ಪವಾಗಿ ಸ್ವೀಕರಿಸಿದೆ. ಕನ್ನಡ ನೆಲದಲ್ಲಿ ಈ ಹೂವಿಗೆ ಅಂತಹ ಲಾಂಛನದ ಪಟ್ಟ ದೊರೆಯಲಿಲ್ಲ. ಅದು ಹಬ್ಬದ ವಾರದ ಹೂವಾಗಿ, ಹೆಂಗಸರ ಮಾತಿನ ಹೂವಾಗಿಯೇ ಉಳಿಯಿತು.

ತಮಿಳು ಕವಿಯ ದುಂಬಿ ಮುತ್ತದ ಹೂವು ಎಂಬ ವಿಶೇಷಣ ದೈವಿಕತೆಯ ಸೂಚನೆಯಾಗಿರಬಹುದು. ಆದರೆ ಅದರಲ್ಲಿ ಕಣ್ಣಿನ ಸಾಕ್ಷ್ಯವೂ ಇದ್ದಂತಿದೆ. ಈ ಹೂವಿನ ಶಲಾಕೆ ಬುಡದಲ್ಲಿಯೇ ಲಂಬಕೋನದಲ್ಲಿ ಪಕ್ಕಕ್ಕೆ ಬಾಗಿ ಪರಾಗದಿಂದ ದೂರ ಸರಿದಿರುತ್ತದೆ. ಅಗಲ ರೆಕ್ಕೆಯ ಚಿಟ್ಟೆ, ಸೂರಕ್ಕಿಗಳಿಗಲ್ಲದೆ ಸಣ್ಣ ದುಂಬಿಗಳಿಗೆ ಪರಾಗಸ್ಪರ್ಶ ನೆರವೇರಿಸುವುದು ಕಷ್ಟ. ಸಂಧಿವಾತದ ಔಷಧವಾದ ಕಾಲ್ಚಿಸಿನ್‌ಗಾಗಿ ಇದರ ಬೀಜಕ್ಕೆ ವಿದೇಶಗಳಲ್ಲಿ ಬೇಡಿಕೆ ಬಂದ ಮೇಲೆ ತಮಿಳುನಾಡಿನ ಕರೂರು, ದಿಂಡಿಗಲ್, ತಿರುಪ್ಪೂರು ಜಿಲ್ಲೆಗಳ ಒಣಹೊಲಗಳಲ್ಲಿ ಕಾಂದಳ್ ಬೆಳೆಯಾಯಿತು. ಕಂಬ, ತಂತಿ, ಒಣಕೊಂಬೆಗಳ ಆಸರೆ ಕಟ್ಟಿ ಬಳ್ಳಿ ಹಬ್ಬಿಸುತ್ತಾರೆ. ಕಾಯಿ ಕಚ್ಚಬೇಕಾದರೆ ಮನುಷ್ಯರೇ ಪರಾಗ ಮುಟ್ಟಿಸಬೇಕು. ಹೂಬಿಡುವ ದಿನಗಳಲ್ಲಿ ಬೆಳಗಿನ ಹೊತ್ತು ಕೂಲಿ ಹೆಂಗಸರು ಸಾಲುಸಾಲಾಗಿ ನಿಂತು ಹೂವಿನಿಂದ ಹೂವಿಗೆ ಅದನ್ನು ಕೈಯಾರೆ ಮುಟ್ಟಿಸುತ್ತಾ ಹೋಗುತ್ತಾರೆ.

ಬೆಳೆಗೆ ಬೇಕಾದ ಗೆಡ್ಡೆಗಳಿಗಾಗಿ ಕಾಡನ್ನು ಅಗೆಯುವ ಒತ್ತಡವೂ ಇದರೊಡನೆ ಬಂತು. ಒಂದು ಬಳ್ಳಿಯ ಗೆಡ್ಡೆ ವರ್ಷಕ್ಕೊಮ್ಮೆ ಸವೆದು ಹೊಸ ಕವಲುಗೆಡ್ಡೆಗೆ ಎಡೆಮಾಡುತ್ತದೆ. ಆ ಒಂದನ್ನು ಕಿತ್ತರೆ ಮರುವರ್ಷ ಅಲ್ಲಿ ಹೂವಿಲ್ಲ. ಬೀಜದಿಂದ ಹುಟ್ಟಿದ ಸಸಿ ಹೂಬಿಡಲು ಕೆಲವು ವರ್ಷಗಳೇ ಬೇಕು. ಮುತ್ತತ್ತಿಯ ಕಾಡಿನ ಗೆಡ್ಡೆಗಳಿಗೆ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ಧಾಮದ ಹೊರಗೆ, ಹಲಗೂರು ಕಡೆಯ ರಾಗಿಹೊಲಗಳ ಬೇಲಿಗೆ ಅಂಥ ಯಾವ ಕಾಯ್ದೆಯೂ ಅನ್ವಯಿಸುವುದಿಲ್ಲ. ಅಲ್ಲಿ ಕಳ್ಳಿಯ ಬುಡದಲ್ಲಿ ಗೆಡ್ಡೆ ಉಳಿದಿದ್ದರೆ, ಅದನ್ನು ಮುಟ್ಟಬಾರದೆಂದು ಮಕ್ಕಳಿಗೆ ಹಿರಿಯರು ಹೇಳುವವರೆಗೆ ಮಾತ್ರ ಉಳಿದೀತು.